ಕನ್ನಡ ಮಾಸ್ತರರನ್ನು ತಯಾರಿಸಿದವರು ಯಾರು?

ನವೆಂಬರ್ ತಿಂಗಳು ಬಂತೆಂದರೆ ನಾವು ಆಲೂರು ವೆಂಕಟರಾಯರನ್ನು ನೆನೆಯುತ್ತೇವೆ, ಅಂದಾನಪ್ಪ ದೊಡ್ಡಮೇಟಿಯವರನ್ನು ನೆನೆಯುತ್ತೇವೆ. ಇದು ಯೋಗ್ಯವೇ ಸರಿ. ಆದರೆ ಅವರ ಭಾಷಣವನ್ನು ಕೇಳಿ ತಿಳಿದುಕೊಳ್ಳುವಷ್ಟು ಕನ್ನಡ ಬಲ್ಲ ಜನರನ್ನು ಹಳ್ಳಿಹಳ್ಳಿಯಲ್ಲಿ ತಯಾರಿಸಿದ ಕನ್ನಡ ಸಾಲೆಯ ಮಾಸ್ತರರ ಹೆಸರು ನಮ್ಮ ವೇದಿಕೆಗಳ ಮೇಲೆ ಬರುವುದು ಅಪರೂಪ. ಆ ಮಾಸ್ತರರನ್ನು ತಯಾರಿಸಿದ ಸಂಸ್ಥೆಯ ಮಾತಂತೂ ಇನ್ನೂ ಅಪರೂಪ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮನೆಮಾಡಿಕೊಂಡಿರುವ ನಮಗೆ ಆ ಕಥೆ ಬೇರೆ ನಾಡಿನದಲ್ಲ. ಸುಮಾರು ನೂರು ವರುಷಗಳ ಕಾಲ ಧಾರವಾಡವೂ ಠಾಣೆಯೂ ಒಂದೇ ಮುಂಬಯಿ ಇಲಾಖೆಯವು. ಎರಡೂ ಕಡೆಯ ಸಾಲೆಗಳ ಮೇಲೆ ಒಬ್ಬನೇ ವಿದ್ಯಾಧಿಕಾರಿ, ಎರಡೂ ಕಡೆಯ ಕಾಲೇಜುಗಳಿಗೆ ಒಂದೇ ವಿಶ್ವವಿದ್ಯಾಲಯ.

ಮೊದಲಿಗೆ ಹಳೆಯ ಕಾಲವನ್ನು ನೋಡೋಣ. ಆಗ ಸಾಲೆಗೆ ನಮ್ಮಲ್ಲಿ ಮಠವೆಂದೇ ಹೆಸರು. ಅಯ್ಯಗಳು ಉಸುಕು ಹರವಿ ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಕಲಿಸುವುದನ್ನು ಅವರು ಬೇರೆಯಾಗಿ ಕಲಿತವರಲ್ಲ; ತಮ್ಮ ಗುರುಗಳು ಕಲಿಸಿದಂತೆಯೇ ಕಲಿಸಿದವರು. ಸಾಲಿಮಠ ಎಂಬ ಅಡ್ಡಹೆಸರು ಈಗಲೂ ಉತ್ತರ ಕರ್ನಾಟಕದ ಮನೆತನಗಳಲ್ಲಿ ಉಳಿದುಬಂದಿದೆ.

ಸರಕಾರದ ವತಿಯಿಂದ ಶಿಕ್ಷಕರನ್ನು ತಯಾರಿಸುವ ಕೆಲಸ ನಮ್ಮ ಇಲಾಖೆಯಲ್ಲಿ ಮುಂಬಯಿ ಪಟ್ಟಣದಲ್ಲಿಯೇ ಆರಂಭವಾಯಿತು. 1826ರಲ್ಲಿ ಅಲ್ಲಿ ಸಿದ್ಧರಾದ 24 ಜನ ಶಿಕ್ಷಕರನ್ನು ಜಿಲ್ಲೆಗಳಿಗೆ ಕಳುಹಿಸಿಕೊಟ್ಟರು. ಆದರೆ ಅವರು ಹೋದದ್ದು ಮರಾಠಿ ಮತ್ತು ಗುಜರಾತಿ ಸಾಲೆಗಳಿಗೆ. 1845ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ನಾರ್ಮಲ್ ವರ್ಗವೊಂದು ತೆರೆಯಿತು. ಮರಾಠಿ ಪತ್ರಿಕೋದ್ಯಮದ ಜನಕರೆನಿಸಿದ ಬಾಳಶಾಸ್ತ್ರಿ ಜಾಂಭೇಕರರು ಅದರ ಮುಖ್ಯಸ್ಥರು. ಅವರು ಕನ್ನಡವನ್ನೂ ಬಲ್ಲವರಾಗಿದ್ದರೆಂಬುದು ನಮ್ಮವರಿಗೆ ಸಂತೋಷದ ಸಂಗತಿಯಾದರೂ ಕನ್ನಡ ಮಕ್ಕಳಿಗೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೇ. ಧಾರವಾಡ, ಬೆಳಗಾವಿಗಳ ಸರಕಾರಿ ಸಾಲೆಗಳಲ್ಲಿ ಆಗ ನಡೆಯುತ್ತಿದ್ದದ್ದು ಮರಾಠಿ. ವಾಲ್ಟರ್ ಇಲಿಯಟ್ ಸಾಹೇಬರು ಧಾರವಾಡದಲ್ಲಿ ತಮ್ಮ ಸ್ವಂತ ಹಣದಿಂದ ಕನ್ನಡ ಸಾಲೆಯೊಂದನ್ನು ನಡೆಸಬೇಕಾಯಿತೆಂದರೆ ಆ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಮಕ್ಕಳ ಮನೆಮಾತು ಕನ್ನಡ, ಊರು ಕನ್ನಡದ್ದು. ಸಾಲೆ ಮಾತ್ರ ಕನ್ನಡದ್ದಲ್ಲ. ಕಾರಣವೂ ಸರಳವಾದದ್ದು. ಕನ್ನಡದಲ್ಲಿ ಕಲಿಸಲು ತರಬೇತಾದ ಶಿಕ್ಷಕರು ಇರಲಿಲ್ಲ, ಪುಸ್ತಕಗಳೂ ಇರಲಿಲ್ಲ.

1854ನೆಯ ಇಸವಿಯನ್ನು ನಮ್ಮ ಭಾಗದವರು ಎರಡು ಕಾರಣಕ್ಕಾಗಿ ನೆನಪಿಡಬೇಕು. ಆ ವರುಷದ ಮೇ ತಿಂಗಳಲ್ಲಿ ಠಾಣೆಯ ತನಕ ಬಂದಿದ್ದ ಆಗಗಾಡಿ ಕಲ್ಯಾಣಕ್ಕೆ ಮುಟ್ಟಿತು. ಜುಲೈ ತಿಂಗಳಲ್ಲಿ ಚಾರ್ಲ್ಸ್ ವುಡ್ಡನ ಖಲಿತೆ ವಿಲಾಯತಿಯಿಂದ ಹೊರಟಿತು. ಶಿಕ್ಷಕರಿಗೆ ನಾರ್ಮಲ್ ಶಾಲೆಗಳಿರಬೇಕು, ದೇಶಭಾಷೆಗಳಲ್ಲಿ ಸಾಮಾನ್ಯ ಜನರಿಗೆ ವಿದ್ಯೆ ಸಿಗಬೇಕು ಎಂದು ಆ ಖಲಿತೆ ಹೇಳಿತು. ಬಳಿಕದ ವರುಷಗಳಲ್ಲಿ ಧಾರವಾಡದಲ್ಲಿ ನಾರ್ಮಲ್ ಶಾಲೆ ಬೇರೂರಿತು. ಅದೇ ಮುಂದೆ ಟ್ರೇನಿಂಗ್ ಕಾಲೇಜೆಂದು ಪ್ರಸಿದ್ಧಿ ಪಡೆಯಿತು.

ಆ ಶಾಲೆಗೆ ಜೀವ ತುಂಬಿದವರಲ್ಲಿ ಧಾರವಾಡದ ಚನ್ನಬಸಪ್ಪನವರು ಅಗ್ರಗಣ್ಯರು. ಪುಣೆಗೆ ಹೋಗಿ ಇಂಗ್ಲಿಷ್ ಕಲಿತು ಬಂದ ಇವರು ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿದ್ದರು. ಆಮೇಲೆ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಜನರ ಬಾಯಲ್ಲಿ ಹುದ್ದೆಯೇ ಹೆಸರಾಗಿ 'ಡೆಪ್ಯುಟಿ ಚನ್ನಬಸಪ್ಪ' ಎಂದೇ ಉಳಿದರು. ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲ ಅವರಿಗೆ ದೊರೆಯಿತು. ಮರಾಠಿ ಸಾಲೆಗಳಿದ್ದ ಕಡೆ ಕನ್ನಡ ಸಾಲೆಗಳು ತೆರೆದವು. ನಮಗೆ ಇಲ್ಲಿ ಮುಖ್ಯವೆನಿಸುವುದು ಅವರ ಅಭಿಮಾನಕ್ಕಿಂತ ಅವರ ಯುಕ್ತಿ. 'ಕನ್ನಡ ಬೇಕು' ಎಂಬ ಕೂಗಿನಷ್ಟಕ್ಕೇ ಅವರು ನಿಲ್ಲಲಿಲ್ಲ. ಕನ್ನಡ ಕಲಿಸಬಲ್ಲ ಮಾಸ್ತರರನ್ನು ಮುಂದೆ ನಿಲ್ಲಿಸಿದರು. ಮಾಸ್ತರ ಸಿದ್ಧನಿದ್ದಾಗ ಸಾಲೆ ಬೇಡವೆನ್ನಲು ಸರಕಾರಕ್ಕೆ ನೆಪ ಉಳಿಯಲಿಲ್ಲ. ಚನ್ನಬಸಪ್ಪನವರು 1881ರಲ್ಲಿ ತೀರಿಕೊಂಡರು. ಐವತ್ತು ವರುಷವೂ ತುಂಬದ ಆಯುಷ್ಯ.

ಶಿಕ್ಷಕರಿಗಾಗಿಯೇ ಒಂದು ಪತ್ರಿಕೆಯೂ ಆ ದಿನಗಳಲ್ಲಿ ಹೊರಟಿತು. ಅದರ ಹೆಸರು 'ಮಠಪತ್ರಿಕೆ'. ಮಠವೆಂದರೆ ಸಾಲೆ ಎಂಬ ಹಳೆಯ ಅರ್ಥ ಗೊತ್ತಿಲ್ಲದವರು ಅದನ್ನು ಧಾರ್ಮಿಕ ಪತ್ರಿಕೆಯೆಂದು ತಿಳಿದುಬಿಡುವ ಸಂಭವವುಂಟು! ಮುಂದೆ ಬಂದ 'ಶಾಲಾಪತ್ರಿಕೆ'ಯನ್ನು ವೆಂಕಟ ರಂಗೋ ಕಟ್ಟಿಯವರು ನಡೆಸಿದರು.

ಟ್ರೇನಿಂಗ್ ಕಾಲೇಜಿನ ಕ್ರಮವನ್ನು ನಮ್ಮ ಹಿರಿಯರು ಬಲ್ಲರು. ಹಳ್ಳಿಯ ಹುಡುಗ ಕನ್ನಡ ಏಳನೆಯ ಇಯತ್ತೆ ಓದಿ ಮುಲ್ಕಿ ಪರೀಕ್ಷೆ ಪಾಸಾಗಬೇಕು. ಮುಲ್ಕಿಯಾದವನೆಂದರೆ ಊರಲ್ಲಿ ಅವನ ಮರ್ಯಾದೆಯೇ ಬೇರೆ. ಆಮೇಲೆ ಧಾರವಾಡಕ್ಕೆ ಹೋಗಿ ಒಂದು, ಎರಡು ಅಥವಾ ಮೂರು ವರುಷದ ತರಬೇತಿ. 'ಥರ್ಡ್ ಇಯರ್ ಟ್ರೇನ್ಡ್' ಎಂದು ಹೆಸರಿನ ಮುಂದೆ ಬರೆದುಕೊಳ್ಳುವುದು ಇಂದಿನ ಎಂ.ಎ. ಪದವಿಗಿಂತ ಹೆಚ್ಚಿನ ಹೆಮ್ಮೆಯದಾಗಿತ್ತು. ಆ ತರಬೇತಿಯ ಜೀವಾಳ ಗ್ರಂಥಗಳಲ್ಲಿ ಇರಲಿಲ್ಲ. ಕಾಲೇಜಿಗೆ ಹೊಂದಿಕೊಂಡಿದ್ದ ಪ್ರಾಕ್ಟಿಸಿಂಗ್ ಸ್ಕೂಲಿನಲ್ಲಿತ್ತು. ಅಲ್ಲಿ ನಿಜವಾದ ಮಕ್ಕಳು, ನಿಜವಾದ ಗದ್ದಲ. ವಿದ್ಯಾರ್ಥಿ ಮಾಸ್ತರ ಪಾಠ ಹೇಳುತ್ತಿದ್ದರೆ ಗುರುಗಳು ಹಿಂದೆ ಕೂತು ನೋಡುತ್ತಿದ್ದರು. ಒತ್ತಕ್ಷರವನ್ನು ಮಗುವಿಗೆ ಹೇಗೆ ಹೇಳಿಕೊಡಬೇಕು, 'ಅ'ಕಾರ 'ಹ'ಕಾರ ತಪ್ಪುವವನನ್ನು ಬೈಯದೆ ಹೇಗೆ ತಿದ್ದಬೇಕು ಎಂಬುದು ಕನ್ನಡದ ಮಕ್ಕಳ ಮುಂದೆ ನಿಂತೇ ಕಲಿಯಬೇಕಾದ ವಿದ್ಯೆ. ಬೇರೆ ಭಾಷೆಯ ತರಗತಿಯಲ್ಲಿ ಎಷ್ಟು ಪಳಗಿದರೂ ಅದು ಬಾರದು.

ವಿಶ್ವವಿದ್ಯಾಲಯದ ಕಥೆ ಇದಕ್ಕಿಂತ ಬೇರೆ. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ ಬಹಳ ಕಾಲ ಪ್ರಾಥಮಿಕ ಸಾಲೆಯ ಮಾಸ್ತರನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಹೈಸ್ಕೂಲು ಶಿಕ್ಷಕರಿಗಾಗಿ 1906ರಲ್ಲಿ ಮುಂಬಯಿಯಲ್ಲಿ ಸೆಕೆಂಡರಿ ಟ್ರೇನಿಂಗ್ ಕಾಲೇಜು ಹುಟ್ಟಿತು. ಮುಂದೆ ಬಿ.ಟಿ. ಪದವಿ ಬಂತು. 1936ರಲ್ಲಿ ಎಂ.ಎಡ್. ಪದವಿಯನ್ನು ಭಾರತದಲ್ಲಿ ಮೊದಲಿಗೆ ಆರಂಭಿಸಿದ ಕೀರ್ತಿಯೂ ಮುಂಬಯಿಗೇ ಸಲ್ಲುತ್ತದೆ. ಹೀಗೆ ಶಿಕ್ಷಣವೇ ಒಂದು ಶಾಸ್ತ್ರವಾಗಿ ಅಧ್ಯಯನಕ್ಕೆ ಬಂತು.

ಈ ಅಧ್ಯಯನದಲ್ಲಿಯೂ ಧಾರವಾಡದ ಮಣ್ಣಿನ ವಾಸನೆಯಿದೆ. ಜೆ. ಪಿ. ನಾಯಕರು ಕೊಲ್ಹಾಪುರದ ಕಡೆಯವರು. ಕಾಯಿದೆಭಂಗ ಚಳವಳಿಯಲ್ಲಿ ಸೆರೆಮನೆ ಕಂಡು ಬಂದ ಮೇಲೆ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಕೆಲವು ವರುಷ ಗ್ರಾಮಸೇವೆಗೆ ನಿಂತರು. ಹಳ್ಳಿಯ ಸಾಲೆಯ ಕಷ್ಟವನ್ನು ಅಲ್ಲಿ ಕಣ್ಣಾರೆ ಕಂಡರು. ಅವರು ಸೈಯದ್ ನೂರುಲ್ಲಾ ಅವರೊಡನೆ ಇಂಗ್ಲಿಷಿನಲ್ಲಿ ಬರೆದ ಭಾರತೀಯ ಶಿಕ್ಷಣದ ಇತಿಹಾಸ 1943ರಲ್ಲಿ ಪ್ರಕಟವಾಯಿತು. 1948ರಲ್ಲಿ ಮುಂಬಯಿಯಲ್ಲಿ ಅವರು ಸ್ಥಾಪಿಸಿದ ಭಾರತೀಯ ಶಿಕ್ಷಣ ಸಂಸ್ಥೆ 1976ರಲ್ಲಿ ಪುಣೆಗೆ ಹೋಯಿತು. 1964ರಿಂದ 1966ರ ತನಕ ಕೊಠಾರಿ ಆಯೋಗದ ಕಾರ್ಯದರ್ಶಿ ಸದಸ್ಯರೂ ಇವರೇ. ಉಪ್ಪಿನಬೆಟಗೇರಿಯಿಂದ ದಿಲ್ಲಿಯ ತನಕ ನಡೆದ ಇಂಥ ವಿದ್ವಾಂಸರ ಹೆಸರನ್ನು ಇಂದು ಬಿ.ಎಡ್. ಓದುವ ನಮ್ಮ ಮಕ್ಕಳು ಪಠ್ಯದಲ್ಲಿ ಕಾಣುತ್ತಾರೆ. ಆದರೆ ಕನ್ನಡ ಹಳ್ಳಿಯೊಡನೆ ಅವರಿಗಿದ್ದ ನಂಟು ಮಕ್ಕಳಿಗೆ ತಿಳಿದಿರುವುದಿಲ್ಲ.

1949ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾಲಯವಾಯಿತು. 1956ರ ನವೆಂಬರ್ 1ರಂದು ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರದ ಸೀಮೆಗಳು ಮೈಸೂರು ರಾಜ್ಯವನ್ನು ಸೇರಿದವು. ನಮ್ಮೆಲ್ಲರ ಹರ್ಷದ ದಿನವದು. ಆದರೆ ಮುಂಬಯಿಯಲ್ಲಿದ್ದ ಕನ್ನಡ ಸಾಲೆಗಳ ಮಟ್ಟಿಗೆ ಅಂದೇ ಒಂದು ದಾರ ಕಡಿಯಿತು. ಸಾಲೆ ಒಂದು ರಾಜ್ಯದಲ್ಲಿ, ಮಾಸ್ತರರನ್ನು ತಯಾರಿಸುವ ಕಾಲೇಜು ಇನ್ನೊಂದರಲ್ಲಿ. ಆಗ ಅದರ ಬಿಸಿ ತಟ್ಟಲಿಲ್ಲ. ಏಕೆಂದರೆ ಊರಿನಲ್ಲಿ ತರಬೇತಾದ ಮಾಸ್ತರರು ಹೊಟ್ಟೆಪಾಡಿಗಾಗಿ ಧಾರವಾಡದ ಕಡೆಯಿಂದಲೂ ದಕ್ಷಿಣ ಕನ್ನಡದಿಂದಲೂ ಇತ್ತ ಬರುತ್ತಲೇ ಇದ್ದರು. ಹಗಲು ಮುನಿಸಿಪಾಲಿಟಿ ಸಾಲೆ, ರಾತ್ರಿ ಹೋಟೆಲು ಹುಡುಗರಿಗೆ ನೈಟ್ ಸ್ಕೂಲು ಎಂದು ದುಡಿದ ಪೀಳಿಗೆ ಅದು. ಅವರು ನಿವೃತ್ತರಾದ ಮೇಲೆ ಅವರ ಕುರ್ಚಿಗೆ ಯಾರು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗಲಿಲ್ಲ.

ಇಂದಿನ ಸ್ಥಿತಿ ಒಂದು ಬಗೆಯ ವಿನೋದವೇ ಸರಿ. 1850ರಲ್ಲಿ ಧಾರವಾಡದಲ್ಲಿ ಮಕ್ಕಳಿದ್ದರು, ತರಬೇತಾದವರಿರಲಿಲ್ಲ. ಈಗ ನಮ್ಮಲ್ಲಿ ತರಬೇತಾದವರಿಗೆ ಕೊರತೆಯಿಲ್ಲ. ಡೊಂಬಿವಲಿ ಕಲ್ಯಾಣಗಳ ನಮ್ಮ ಮನೆಗಳಲ್ಲಿ ಬಿ.ಎಡ್. ಆದ ಮಗಳೋ ಸೊಸೆಯೋ ಇದ್ದೇ ಇರುತ್ತಾಳೆ. ಉಲ್ಲಾಸನಗರದಲ್ಲಿ, ಪನ್ವೆಲಿನಲ್ಲಿ ಬಿ.ಎಡ್. ಕಾಲೇಜುಗಳುಂಟು. 2015ರಿಂದ ಅದು ಎರಡು ವರುಷದ ವ್ಯಾಸಂಗ. ಅದರಲ್ಲಿ 20 ವಾರ ಶಾಲೆಗಳಲ್ಲಿಯೇ ದುಡಿಯಬೇಕು. ಆದರೆ ಅವಳು ಪಳಗುವುದು ಇಂಗ್ಲಿಷ್ ಅಥವಾ ಮರಾಠಿ ತರಗತಿಯಲ್ಲಿ. ಇತ್ತ ನಮ್ಮ ಸಂಘಗಳ ಭಾನುವಾರದ ಕನ್ನಡ ವರ್ಗವನ್ನು ನಡೆಸುವವರು ಬ್ಯಾಂಕಿನಿಂದಲೋ ರೈಲ್ವೆಯಿಂದಲೋ ನಿವೃತ್ತರಾದ ಹಿರಿಯರು. ಅವರ ಶ್ರದ್ಧೆಗೆ ನಮ್ಮ ನಮಸ್ಕಾರ. ಆದರೂ ಎಂಟು ವರುಷದ ಮಗು ನಾಲ್ಕನೆಯ ವಾರಕ್ಕೆ ವರ್ಗ ಬಿಟ್ಟರೆ ತಪ್ಪು ಮಗುವಿನದೆಂದು ಹೇಳಲಾಗದು.

ಕೇಂದ್ರ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು 20 ಭಾಷೆಗಳಲ್ಲೊಂದಾಗಿ ಕನ್ನಡವನ್ನು ಆರಿಸಿಕೊಂಡು ಬರೆಯಲು ಬರುತ್ತದೆ. ಇದು ನಮ್ಮ ಅನೇಕ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಸಾಹಿತ್ಯದ ವ್ಯಾಸಂಗ ಅಲ್ಲಿ ನಡೆಯುತ್ತದೆ. ಇಲ್ಲದಿರುವುದು ಪ್ರಾಕ್ಟಿಸಿಂಗ್ ಸ್ಕೂಲು. ಭಾನುವಾರದ ವರ್ಗವನ್ನೇ ಅದಕ್ಕಾಗಿ ಉಪಯೋಗಿಸಬಹುದೆಂದು ನಮ್ಮ ಅಭಿಪ್ರಾಯ. ಬಿ.ಎಡ್. ಓದುತ್ತಿರುವ ಹುಡುಗಿ ಪಾಠ ಹೇಳಲಿ, ಹಿರಿಯರು ಹಿಂದಿನ ಬೆಂಚಿನಲ್ಲಿ ಕೂತು ಅವಳ ಕನ್ನಡವನ್ನು ತಿದ್ದಲಿ. ಅವಳಿಂದ ಕಲಿಸುವ ರೀತಿಯನ್ನು ತಾವೂ ನೋಡಿಕೊಳ್ಳಲಿ. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ, ವಿಶ್ವವಿದ್ಯಾಲಯದ ಮಾನ್ಯತೆಯೂ ಬೇಕಿಲ್ಲ. ಸಂಘದ ಕೋಣೆ, ಒಂದು ಕರಿಹಲಗೆ, ಹತ್ತು ಹನ್ನೆರಡು ಮಕ್ಕಳು, ಮತ್ತು ಮಧ್ಯಾಹ್ನದ ಮದುವೆ ಆಮಂತ್ರಣಗಳಿಗೆ ಸಿಕ್ಕದಂತೆ ಬೆಳಗಿನ ಒಂಬತ್ತರಿಂದ ಹನ್ನೊಂದರ ವೇಳೆ.