ಕುಸ್ತಿ ಮೈದಾನದ ಹಲಗಿ ಮತ್ತು ಕಹಳೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜಾತ್ರೆ ಉರುಸುಗಳಲ್ಲಿ ಜಂಗಿ ನಿಕಾಲಿ ಕುಸ್ತಿ ನಡೆಯುವಾಗ ಪೈಲ್ವಾನರು ಕಣಕ್ಕಿಳಿದ ಗಳಿಗೆಯಿಂದ ಒಬ್ಬನ ಬೆನ್ನು ಮಣ್ಣಿಗೆ ಹತ್ತುವವರೆಗೆ ಬಾರಿಸುವ ಚರ್ಮವಾದ್ಯ ಹಲಗಿ. ದೊಡ್ಡ ಮೈದಾನಗಳಲ್ಲಿ ಅದರ ಜೊತೆಗೆ ಊದುವ ಬಾಗಿದ ಲೋಹದ ವಾದ್ಯ ಕಹಳೆ. ಕರ್ನಾಟಕ ಮಹಾರಾಷ್ಟ್ರ ಗಡಿಭಾಗದ ಈ ಸೀಮೆಯ ಮಾತಿನಲ್ಲಿ ಕಹಳೆಗೆ ತುತಾರಿ, ಶಿಂಗ ಎಂಬ ಹೆಸರುಗಳೂ ಇವೆ. ಗೆಲುವನ್ನು ಸಾವಿರಾರು ಜನರ ಕಿವಿಗೆ ಒಂದೇ ಏಟಿಗೆ ಮುಟ್ಟಿಸುವುದು ಇವೆರಡರ ಮುಖ್ಯ ಕೆಲಸ. ಉತ್ತರ ಅಮೆರಿಕದ ಐಸ್ ಹಾಕಿ ಅಂಗಣಗಳಲ್ಲಿ ಗೋಲು ಬಿದ್ದ ಕೂಡಲೇ ಮೊಳಗುವ ಹಾರ್ನ್ ಮಾಡುವುದೂ ಇದನ್ನೇ. ಆದರೆ ಹಾರ್ನಿಗೆ ಅರ್ಧ ಶತಮಾನದ ವಯಸ್ಸು. ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಕಹಳೆಯ ಬಳಗದ ಕೊಂಬಿಗೂ ಹಲಗಿಯ ಬಳಗದ ತಮ್ಮಟೆಗೂ ಎಂಟು ನೂರು ವರ್ಷ ಮೀರಿದ ದಾಖಲೆಯ ಹಿನ್ನೆಲೆಯಿದೆ.

ಈ ಸೀಮೆಯನ್ನು ಒಳಗೊಂಡ ಕೂಂಡಿ ಮೂರುಸಾಸಿರ ನಾಡನ್ನು ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಆಳಿದವರು ಸವದತ್ತಿಯ ರಟ್ಟರು. ಅವರ ಶಾಸನಗಳು ರಾಯಬಾಗದಲ್ಲೂ ಸಿಕ್ಕಿವೆ. ರಟ್ಟರ ಬಿರುದಾವಳಿಯಲ್ಲಿ ಪಂಚಮಹಾಶಬ್ದ ಪಡೆದವರೆಂಬ ಮಾತು ಬರುತ್ತದೆ. ಅದರ ಜೊತೆಗೆ ತ್ರಿವಳಿ ಎಂಬ ವಾದ್ಯದ ಘೋಷದೊಡನೆ ಹೊರಡುವವರೆಂಬ ಮಾತೂ ಬರುತ್ತದೆ. ಪಂಚಮಹಾಶಬ್ದ ಎಂದರೆ ಐದು ವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು. ಸಾಮಂತನಿಗೆ ಅದನ್ನು ಚಕ್ರವರ್ತಿ ಕೊಡಬೇಕಿತ್ತು. ಆ ಐದು ಯಾವುವೆಂದು ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ಎಣಿಸುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಶೃಂಗವೆಂದರೆ ಕೊಂಬು; ಕೊಂಬು ಮತ್ತು ತಮ್ಮಟೆ ಈ ಪಟ್ಟಿಯ ಮೊದಲ ಎರಡು ಹೆಸರುಗಳು ಎಂಬುದನ್ನು ಓದುಗರು ಗಮನಿಸಬೇಕು. ಅರಸನ ಬರವನ್ನು ಸಾರುತ್ತಿದ್ದ ಈ ಜೋಡಿಯೇ ಇಂದು ಪೈಲ್ವಾನನ ಬರವನ್ನು ಸಾರುತ್ತಿದೆ. ಅರಮನೆಯ ಅಂಗಳದಿಂದ ಊರ ಮೈದಾನಕ್ಕೆ ಅದು ಬಂದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಬರಹವಿಲ್ಲ; ವಾದ್ಯಗಳು ಮಾತ್ರ ಉಳಿದು ಬಂದಿವೆ.

ಕುಸ್ತಿಗೂ ಇಲ್ಲಿ ಅಷ್ಟೇ ಹಳೆಯ ಸಾಕ್ಷಿಯಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಬೇರೆಯೇ ಭಾಗವಿದೆ. ಮಲ್ಲರ ದರ್ಜೆ, ಅವರ ಆಹಾರ, ಅಭ್ಯಾಸ, ಕಣದ ರಚನೆ ಎಲ್ಲವನ್ನೂ ಅರಸ ತಾನೇ ಕೂತು ನೋಡಿದವನ ಹಾಗೆ ವಿವರಿಸುತ್ತಾನೆ.

ಇಂದಿನ ಮೈದಾನದ ರೂಪ ಬಂದದ್ದು ಕೊಲ್ಹಾಪುರದಿಂದ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದ ಊರು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ಆಡಳಿತ ಯಾರದ್ದಿದ್ದರೂ ಪೈಲ್ವಾನ ನೋಡುತ್ತಿದ್ದದ್ದು ಕೊಲ್ಹಾಪುರದ ಕಡೆಗೆ. ಅಲ್ಲಿಯ ಶಾಹೂ ಮಹಾರಾಜರು 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಹೋದಾಗ ರೋಮಿನ ಕೊಲೋಸಿಯಂ ಕಂಡು, ಅದೇ ಬಗೆಯ ದುಂಡನೆಯ ಕಣ ತಮ್ಮೂರಲ್ಲೂ ಬೇಕೆಂದು ಖಾಸಬಾಗ ಮೈದಾನ ಕಟ್ಟಿಸಿದರು. 1907ರಲ್ಲಿ ಶುರುವಾದ ಕೆಲಸ 1912ಕ್ಕೆ ಮುಗಿಯಿತು. ಎಲ್ಲಿ ಕೂತರೂ ಕಣ ಕಾಣುವಂತೆ ಇಳಿಜಾರಾಗಿ ಕಟ್ಟಿದ ಆ ಬಟ್ಟಲಿನಲ್ಲಿ ಹಲಗಿಯ ಸಪ್ಪಳ ಸುತ್ತ ಕೂತವರೆಲ್ಲರಿಗೂ ಮುಟ್ಟುತ್ತದೆ. ಕೊಲ್ಹಾಪುರದ ತಾಲೀಮು ಎಂಬ ಗರಡಿಗಳಲ್ಲಿ ಉಳಿದು ಮೈ ಹುರಿಗೊಳಿಸಿಕೊಂಡ ಈ ಭಾಗದ ಹುಡುಗರು ಊರಿಗೆ ಮರಳುವಾಗ ಡಾವು ಎಂಬ ಕುಸ್ತಿಯ ಪಟ್ಟುಗಳ ಜೊತೆಗೆ ಅಲ್ಲಿಯ ಮಾತನ್ನೂ ತಂದರು. ವಸ್ತಾದ, ತಾಲೀಮು, ಜೋಡಿ, ಸಲಾಮಿ, ಖಡಾಖಡಿ, ಬರೋಬರಿ: ಅರಬ್ಬಿ, ಫಾರಸಿ, ಮರಾಠಿಗಳಿಂದ ಬಂದ ಈ ಮಾತುಗಳನ್ನು ಚಿಕ್ಕೋಡಿಯ ಮುದುಕನೊಬ್ಬ ಅಚ್ಚಗನ್ನಡವೆಂದೇ ಆಡುತ್ತಾನೆ. ಹಲಗಿ ಎಂಬ ಹೆಸರಂತೂ ಗಡಿಯ ಎರಡೂ ಕಡೆ ಒಂದೇ. ಕನ್ನಡದಲ್ಲಿ ಹಲಗೆ ಎಂದರೆ ಚಪ್ಪಟೆಯಾದ ಮರದ ಪಟ್ಟಿ, ವಾದ್ಯವೂ ಚಪ್ಪಟೆ.

ಹಲಗಿಯ ರಚನೆ ಸರಳ. ಒಂದು ಅಡಿಯ ಆಸುಪಾಸಿನ ಬಳೆ, ಅದರ ಒಂದು ಮಗ್ಗುಲಿಗೆ ಮಾತ್ರ ಬಿಗಿದ ಚರ್ಮ. ಬಳೆ ಹಿಂದೆ ಕಟ್ಟಿಗೆಯದು, ಈಗ ಹೆಚ್ಚಾಗಿ ಕಬ್ಬಿಣದ್ದು. ಚರ್ಮ ಆಡಿನದು ಇಲ್ಲವೇ ಕರುವಿನದು. ಅಥಣಿ, ನಿಪ್ಪಾಣಿ, ಮದಭಾವಿ ಕಡೆ ಚರ್ಮದ ಕೆಲಸ ಮನೆಮನೆಯ ಕಸುಬು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಚಪ್ಪಲಿಯ ಚರ್ಮವನ್ನು ತೊಗಟೆಯ ನೀರಿನಲ್ಲಿ ನೆನೆಹಾಕಿ ಹದ ಮಾಡಿದರೆ, ಹಲಗಿಯ ಚರ್ಮವನ್ನು ಕೂದಲು ತೆಗೆದು ಹಸಿಯಾಗಿಯೇ ಬಿಗಿದು ಒಣಗಿಸುತ್ತಾರೆ. ಹದ ಮಾಡಿದ ಚರ್ಮ ಬಾಗುತ್ತದೆ, ಹಸಿಚರ್ಮ ಒಣಗಿದ ಮೇಲೆ ಸೆಟೆದು ನಿಲ್ಲುತ್ತದೆ. ಆ ಸೆಡವಿನಿಂದಲೇ ಹಲಗಿಗೆ ಅದರ ಚುರುಕು ದನಿ. ಗಾಳಿಯಲ್ಲಿ ತೇವವಿದ್ದರೆ ಚರ್ಮ ಸಡಿಲವಾಗಿ ದನಿ ಕುಗ್ಗುತ್ತದೆ. ಅದಕ್ಕೇ ಮೈದಾನದ ಹೊರಗೆ ರದ್ದಿ ಕಾಗದ, ಹುಲ್ಲು, ರವದಿ ಒಟ್ಟಿ ಬೆಂಕಿ ಹಾಕಿ ಹಲಗಿ ಕಾಯಿಸುವುದು. ಕಾದ ಹಲಗಿಯನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿ, ಇನ್ನೂ ಸಾಲದೆಂದು ಮತ್ತೆ ಉರಿಗೆ ಹಿಡಿಯುವ ಆ ಕಿವಿಯ ನಿಖರತೆ ಯಾವ ಸಂಗೀತಗಾರನಿಗೂ ಕಡಿಮೆಯದಲ್ಲ. ಮಾಘದಿಂದ ವೈಶಾಖದವರೆಗಿನ ಜಾತ್ರೆಗಳ ಕಾಲ ಒಣಹವೆಯದಾದ್ದರಿಂದ ಕುಸ್ತಿಗೂ ಹಲಗಿಗೂ ಹೊಂದುತ್ತದೆ.

ಬಾರಿಸುವವನು ಹಲಗಿಯನ್ನು ಎಡ ಹೆಗಲಿಗೆ ಇಳಿಬಿಟ್ಟು ಎದೆಗೆ ಆನಿಸಿಕೊಳ್ಳುತ್ತಾನೆ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆಯ ಬಿದಿರ ಕಡ್ಡಿ. ದಪ್ಪ ಕೋಲು ನಡೆ ಹಾಕಿದರೆ ಕಡ್ಡಿ ಅದರ ನಡುವಿನ ಸಂದುಗಳನ್ನು ತುಂಬುತ್ತದೆ. ಗಡಿಭಾಗದ ಮೇಳದಲ್ಲಿ ಹಲಗಿಗೆ ಮಂದ್ರದ ದನಿ ಕೊಡುವ ಘುಮಕ, ಜೊತೆಗೆ ಕೈತಾಳ ಇರುತ್ತವೆ.

ಕಣ ಸಿದ್ಧವಾಗುವುದು ಕೆಂಪು ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ, ಲಿಂಬೆರಸ ಬೆರೆಸಿ ಹದಗೊಳಿಸಿದ ಮೇಲೆ. ಮಧ್ಯಾಹ್ನ ಬಿಸಿಲು ಇಳಿಯುತ್ತಿದ್ದಂತೆ ಸಣ್ಣ ಹುಡುಗರ ಜೋಡಿಗಳು, ಆಮೇಲೆ ದೊಡ್ಡವರು, ಹೊತ್ತು ಮುಳುಗುವಾಗ ಒಂದನೇ ನಂಬರಿನ ಕುಸ್ತಿ. ನಿಕಾಲಿ ಎಂದರೆ ತೀರ್ಮಾನವಾಗಲೇಬೇಕಾದ ಕುಸ್ತಿ. ಅಂಕಗಳಿಲ್ಲ, ಎದುರಾಳಿಯನ್ನು ಚಿತ್ ಮಾಡಬೇಕು, ಇಲ್ಲವಾದರೆ ಬಹಳ ಹೊತ್ತಿನ ಮೇಲೆ ಪಂಚರು ಬರೋಬರಿ, ಅಂದರೆ ಸಮ, ಎಂದು ಬಿಡಿಸಬೇಕು. ಹೀಗಾಗಿ ಹಲಗಿಯವನಿಗೆ ಎಷ್ಟು ಹೊತ್ತು ಬಾರಿಸಬೇಕೆಂಬುದು ಮೊದಲೇ ಗೊತ್ತಿರುವುದಿಲ್ಲ. ಜೋಡಿ ಕೈ ಕೊಟ್ಟಾಗ ನಡಿಗೆಯ ಲಯ. ಇಬ್ಬರೂ ಕುತ್ತಿಗೆಗೆ ಕೈ ಹಾಕಿ ತಲೆಗೆ ತಲೆ ಹಚ್ಚಿ ನಿಂತರೆ ಲಯವೂ ಅಲ್ಲೇ ತುಳಿಯುತ್ತ ನಿಲ್ಲುತ್ತದೆ. ಒಬ್ಬ ಎದುರಾಳಿಯ ಕಾಲು ಹಿಡಿಯಲು ನುಗ್ಗಿದರೆ, ಘಿಸ್ಸಾ ಎಂಬ ಡಾವು ಹಾಕಲು ಮೈ ತಿರುಗಿಸಿದರೆ, ಕೋಲು ಅವನಿಗಿಂತ ಅರೆಗಳಿಗೆ ಮೊದಲೇ ಏರಿರುತ್ತದೆ. ಕೊನೆಗೆ ಬೆನ್ನು ಮಣ್ಣಿಗೆ ಬಿದ್ದಾಗ ಒಂದೇ ಸಮನೆ ಉರುಳುವ ಏಟು, ಅದರ ಮೇಲೆ ಕಹಳೆಯ ಉದ್ದನೆಯ ಕೂಗು. ಹಿಂದಿನ ಸಾಲಿನಲ್ಲಿ ಕೂತು ಏನೂ ಕಾಣದವನಿಗೂ ಕುಸ್ತಿ ಆಯಿತೆಂದು ತಿಳಿಯುವುದು ಆಗಲೇ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸುವಾಗ, ಜನ ನೋಟು ಕೊಡುವಾಗ, ಮುಂದೆ ಹೋಗುವುದು ಹಲಗಿಯೇ. ಪಂಚರ ಕೈ ಮೇಲೇಳುವುದನ್ನು ಕಾಯದೆ ಪೈಲ್ವಾನರ ಮೈಯನ್ನೇ ಓದುತ್ತ ಬಾರಿಸುವವನೇ ಒಳ್ಳೆಯ ಹಲಗಿಯವನು. ಈ ಲೇಖಕನ ದೃಷ್ಟಿಯಲ್ಲಿ ಕಣದಲ್ಲಿ ಕುಸ್ತಿ ತಿಳಿದವರು ಮೂವರು, ಮೂರನೆಯವನು ಅವನು.

ಐಸ್ ಹಾಕಿಯ ಹಾರ್ನಿನ ಕತೆ ಇದಕ್ಕೆ ಹೋಲಿಸಿ ನೋಡಲು ತಕ್ಕುದು. 1973ರಲ್ಲಿ ಆ ಆಟದ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪಿನ ಅಂತಿಮ ಸರಣಿ ಷಿಕಾಗೋ ಬ್ಲ್ಯಾಕ್‌ಹಾಕ್ಸ್ ಮತ್ತು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಗಳ ನಡುವೆ ನಡೆಯಿತು. ಷಿಕಾಗೋ ತಂಡದ ಅಧ್ಯಕ್ಷ ಬಿಲ್ ವಿರ್ಟ್ಜ್ ಅವರಿಗೆ ತಮ್ಮ ವಿಹಾರ ನೌಕೆಯ ಹಾರ್ನಿನ ದನಿ ಬಹಳ ಮೆಚ್ಚುಗೆಯಾಗಿತ್ತು. ಅದೇ ಬಗೆಯ ಕಾಲೆನ್‌ಬರ್ಗ್ ಕಂಪನಿಯ ಹಾರ್ನನ್ನು ಷಿಕಾಗೋ ಸ್ಟೇಡಿಯಂನಲ್ಲಿ ಕೂಡಿಸಿ, ತಂಡ ಗೋಲು ಹೊಡೆದಾಗ ಊದಿಸಿದರು. ಸರಣಿಯನ್ನು ಮಾಂಟ್ರಿಯಲ್ ಗೆದ್ದಿತು, ಹಾರ್ನು ಮಾತ್ರ ಉಳಿಯಿತು. ಮುಂದಿನ ಎರಡು ದಶಕಗಳಲ್ಲಿ ಉಳಿದ ತಂಡಗಳು ಹಡಗಿನದೋ ರೈಲಿನದೋ ಹಾರ್ನು ತಂದು ಹಾಕಿಕೊಂಡವು. ಇಂದು ಕಣ್ಣು ಮುಚ್ಚಿ ಕೇಳಿದರೂ ಯಾವ ಊರಿನ ಅಂಗಣವೆಂದು ಅಭಿಮಾನಿಗಳು ಹೇಳಬಲ್ಲರು. ಕೊಲಂಬಸ್ ತಂಡ 2007ರಿಂದ ಹಾರ್ನಿನ ಜೊತೆಗೆ ತೋಪನ್ನೂ ಹಾರಿಸುತ್ತದೆ. ಹಾರ್ನಿನಲ್ಲಿ ಒತ್ತಿದ ಗಾಳಿ ಲೋಹದ ತೆಳುಬಿಲ್ಲೆಯನ್ನು ನಡುಗಿಸುತ್ತದೆ; ಕಹಳೆಯಲ್ಲಿ ನಡುಗುವುದು ಊದುವವನ ತುಟಿ. ಒಂದು ತುದಿಯಿಂದ ಇನ್ನೊಂದಕ್ಕೆ ಅಗಲವಾಗುತ್ತ ಹೋಗುವ ಕೊಳವೆ ಆ ನಡುಕವನ್ನು ದೂರಕ್ಕೆ ಒಯ್ಯುವ ರೀತಿ ಎರಡರಲ್ಲೂ ಒಂದೇ. ಹಾರ್ನು ಗೋಲಾದ ಮೇಲಷ್ಟೇ ಕೂಗುತ್ತದೆ. ಹಲಗಿ ಮೊದಲಿನಿಂದಲೂ ಜೊತೆಗಿದ್ದು ಆಡಿಸುತ್ತದೆ.

ಹಲಗಿಯ ಚರಿತ್ರೆ ಬರೆಯುವಾಗ ಅದನ್ನು ಹೊತ್ತವರ ಚರಿತ್ರೆ ಬಿಡಲಾಗದು. ಈ ಭಾಗದಲ್ಲಿ ಹಲಗಿ ಬಾರಿಸುವ ಕೆಲಸವನ್ನು ಜಾತಿಯ ಕಟ್ಟಳೆ ಮಾದಿಗ, ಮಾಂಗ ಸಮುದಾಯಗಳ ಮೇಲೆ ಹೊರಿಸಿತ್ತು. ಡಂಗುರ ಸಾರುವುದು, ಹೆಣದ ಮುಂದೆ ಬಾರಿಸುವುದು, ಜಾತ್ರೆಯಲ್ಲಿ ಬಾರಿಸುವುದು, ಎಲ್ಲ ಊರ ಚಾಕರಿಯೆಂಬ ಲೆಕ್ಕ. ಗುಡಿಯ ಹೊರಗೆ ನಿಂತು ಬಾರಿಸಬೇಕಾದವನ ದನಿ ಮಾತ್ರ ಗುಡಿಯ ಒಳಗೆ ಬೇಕಾಗಿತ್ತು. ಇದರ ವಿರುದ್ಧದ ದನಿಯೂ ಇದೇ ಸೀಮೆಯಲ್ಲಿ ಬೇಗ ಎದ್ದಿತು. 1920ರ ಮಾರ್ಚಿನಲ್ಲಿ ಕೊಲ್ಹಾಪುರ ಸೀಮೆಯ ಮಾಣಗಾವಿಯ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಅಂಬೇಡ್ಕರರನ್ನು ನೊಂದವರ ನಾಯಕನೆಂದು ಸಾರಿದರು. 1925ರಲ್ಲಿ ನಿಪ್ಪಾಣಿಯಲ್ಲಿ ಸೇರಿದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ಅಂಬೇಡ್ಕರರೇ ಬಂದರು. ಊರ ಚಾಕರಿಯನ್ನು ಬಿಡಿ ಎಂಬ ಅವರ ಕರೆ ವಾದ್ಯದವರಿಗೂ ಮುಟ್ಟಿತು. ಕಡ್ಡಾಯದ ಬಾರಿಸುವಿಕೆಯನ್ನು ಬಿಟ್ಟವರ ನಿರಾಕರಣೆ ಹಲಗಿಯ ಚರಿತ್ರೆಯ ಗೌರವದ ಭಾಗ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಲಗಿಯ ಇನ್ನೊಂದು ರೂಪವಾದ ತಮಟೆಯನ್ನೇ ಹೋರಾಟದ ಮುಂಚೂಣಿಗೆ ತಂದಾಗ ಅದೇ ವಾದ್ಯ ಇನ್ನೊಂದು ಅರ್ಥದಲ್ಲಿ ನುಡಿಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು.

ಈಚಿನ ಬದಲಾವಣೆಗಳಲ್ಲಿ ದೊಡ್ಡದು ಫೈಬರ್ ಹಲಗಿ. ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಬಿಗಿಯಲು ನಟ್ಟು ಬೋಲ್ಟು. ಬೆಂಕಿ ಬೇಡ, ಮಳೆಯ ಭಯವಿಲ್ಲ, ಹಗುರ. ದನಿ ಹರಿತವಾದರೂ ಚರ್ಮದ ಆಳ ಅದಕ್ಕಿಲ್ಲ. ಧ್ವನಿವರ್ಧಕದಲ್ಲಿ ಕನ್ನಡ ಮರಾಠಿ ಬೆರೆಸಿ ಕುಸ್ತಿಯನ್ನು ವಿವರಿಸುವವರು ಬಂದ ಮೇಲೆ ಹಲಗಿಯವನು ಮಾತಿನ ಸಂದುಗಳಲ್ಲಿ ಬಾರಿಸಬೇಕಾಗಿದೆ. ಮ್ಯಾಟ್ ಮೇಲಿನ ಸ್ಪರ್ಧಾ ಕುಸ್ತಿಯಲ್ಲಂತೂ ಮೂರು ಮೂರು ನಿಮಿಷದ ಎರಡು ಸುತ್ತು, ಸೀಟಿ, ಗಡಿಯಾರದ ಸದ್ದು, ಅಷ್ಟೇ. ರಾಷ್ಟ್ರಮಟ್ಟದ ಪದಕ ಬೇಕಾದವನಿಗೆ ಆ ದಾರಿಯೇ ಸರಿ. ಆದರೂ ಮಣ್ಣಿನ ಮೈದಾನ ಈ ಐದು ತಾಲೂಕುಗಳಲ್ಲಿ ನಿಂತಿಲ್ಲ. ಜಾತ್ರೆಯ ಕುಸ್ತಿಗೆ ಹಲಗಿಯಿಲ್ಲದಿದ್ದರೆ ಜನ ಒಪ್ಪುವುದಿಲ್ಲ.

ಷಿಕಾಗೋದ ಹಾರ್ನಿಗೆ ಮಾಡಿದ ಕಂಪನಿಯ ಹೆಸರಿದೆ, ಹಾಕಿಸಿದವರ ಹೆಸರಿದೆ, ವರ್ಷವಿದೆ. ನಮ್ಮ ಕುಸ್ತಿಯ ಕರಪತ್ರಗಳಲ್ಲಿ ಜೋಡಿಗಳ ಹೆಸರು, ಬಹುಮಾನದ ಮೊತ್ತ, ದಾನಿಗಳ ಹೆಸರು, ಪಂಚರ ಹೆಸರು ಇರುತ್ತವೆ. ಹಲಗಿ ಬಾರಿಸುವವರ, ಕಹಳೆ ಊದುವವರ ಹೆಸರಿಗೂ ಅಲ್ಲಿ ಒಂದು ಸಾಲು ಇರಲಿ ಎಂದು ಜಾತ್ರಾ ಕಮಿಟಿಗಳ ಹಿರಿಯರಲ್ಲಿ ಈ ಲೇಖನದ ವಿನಂತಿ.