ಆರ್.ಟಿ.ಸಿ. ಇಲ್ಲದವನಿಗೂ ಜಾಮೀನು

ದರ್ಬೆಯವರೊಬ್ಬರು ಪುತ್ತೂರಿನ ನ್ಯಾಯಾಲಯದಲ್ಲಿ ಆರೋಪಿಗೆ ಜಾಮೀನು ನಿಲ್ಲಬೇಕಾದರೆ, ಸಾಮಾನ್ಯವಾಗಿ ತಮ್ಮ ಜಾಗದ ಆರ್.ಟಿ.ಸಿ. ತೋರಿಸುತ್ತಾರೆ. ಜಾಗವೇನೂ ಕೈತಪ್ಪುವುದಿಲ್ಲ. ಆದರೆ ಆರೋಪಿ ತಲೆಮರೆಸಿಕೊಂಡರೆ ಮುಚ್ಚಳಿಕೆಯ ಹಣಕ್ಕೆ ಅವರೇ ಹೊಣೆ.

ಜಾಗ ದೂರದ ಜಿಲ್ಲೆಯಲ್ಲಿದ್ದರೆ? 1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮನಿಗೆ ಹೀಗೇ ಆಯಿತು. ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿದ್ದರೂ ಕೆಳ ನ್ಯಾಯಾಲಯ 10,000 ರೂಪಾಯಿಯ ಭದ್ರತೆ ಕೇಳಿತು. ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಒಪ್ಪಲಿಲ್ಲ. ಕನ್ನಡಿಗನೊಬ್ಬ ಬಸ್ತರಿನಲ್ಲಿ ಬಂಧಿತನಾದರೆ ಏನು ಮಾಡಬೇಕೆಂದು ಪ್ರಶ್ನಿಸಿದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು.

2005ರ ತಿದ್ದುಪಡಿ ಮತ್ತೊಂದು ಹೆಜ್ಜೆಯಿಟ್ಟಿತು. ಜಾಮೀನೀಯ ಅಪರಾಧದಲ್ಲಿ ಒಂದು ವಾರದೊಳಗೆ ಜಾಮೀನುದಾರ ಸಿಗದವನನ್ನು ಬಡವನೆಂದೇ ಭಾವಿಸಿ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಬಡತನವೇ ಸೆರೆವಾಸಕ್ಕೆ ಕಾರಣವಾಗಬಾರದು ಎಂಬುದೇ ಇದರ ತಿರುಳು.