ಶಾನುಭೋಗರಿಂದ ಡ್ರೈವರ್‌ವರೆಗೆ: ಪಹಣಿ ತಂದುಕೊಡುವವರ ಕಥೆ

ಬಾಬುರಾಯನಕೊಪ್ಪಲಿನ ರೈತರು ಬೆಳೆಸಾಲ ಕೇಳಲು ಹೋದರೆ ಮೊದಲು ಬೇಕಾಗುವುದು ಪಹಣಿ. ಜಮೀನು ನಮ್ಮದು, ಆದರೆ ಅದರ ದಾಖಲೆ ತೆಗೆದುಕೊಡುವವರು ಬೇರೆಯವರು. ಆ ನಡುವಿನವರು ಕಾಲಕಾಲಕ್ಕೆ ಹೇಗೆ ಬದಲಾದರು ಎಂಬುದನ್ನು ಇಲ್ಲಿ ನೋಡೋಣ.

ಹಳೇ ಮೈಸೂರು ಸೀಮೆಯಲ್ಲಿ ಆ ಕೆಲಸ ಶಾನುಭೋಗರದಾಗಿತ್ತು. ತಂದೆಯಿಂದ ಮಗನಿಗೆ ಬರುತ್ತಿದ್ದ ಹುದ್ದೆ ಅದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ಪದ್ಧತಿಗೆ ಕೊನೆ ಹಾಡಿತು. ಗ್ರಾಮ ಲೆಕ್ಕಿಗರು ಬಂದರು. ಆದರೂ ಪುಸ್ತಕ ಒಬ್ಬರ ಕೈಯಲ್ಲೇ ಉಳಿಯಿತು. ಅವರು ಸಿಕ್ಕಿದ ದಿನವೇ ಪಹಣಿ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ಆಗಿನ 177 ತಾಲ್ಲೂಕುಗಳಲ್ಲಿ ಪಹಣಿ ಕೇಂದ್ರ ತೆರೆದು, 15 ರೂಪಾಯಿಗೆ ಪಹಣಿ ಕೊಡತೊಡಗಿದರು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಗೇ ಮೊದಲ ಸರದಿ ಎಂಬ ನಿಯಮವಾಯಿತು.

ಕಂಪ್ಯೂಟರ್‌ನೊಳಗೂ ಒಬ್ಬ ನಡುವಿನವನಿದ್ದಾನೆ. ದಾಖಲೆಗಳು ಇರುವ ಉಗ್ರಾಣಕ್ಕೆ ಡೇಟಾಬೇಸ್ ಎನ್ನುತ್ತಾರೆ. ಪರದೆಯ ಮೇಲಿನ ತಂತ್ರಾಂಶ ಕೇಳಿದ್ದನ್ನು ಅಲ್ಲಿಗೆ ಒಯ್ದು, ಉತ್ತರ ತರುವ ಭಾಗಕ್ಕೆ ಡ್ರೈವರ್ ಅಥವಾ ಪ್ರೊವೈಡರ್ ಎಂದು ಹೆಸರು. ಕೇಳುವ ಭಾಷೆ ಎಸ್‌ಕ್ಯೂಎಲ್. ಅದು 1970ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು. ಆದರೆ ಒಂದೊಂದು ಕಂಪನಿಯ ಉಗ್ರಾಣಕ್ಕೂ ಒಂದೊಂದು ಬಾಗಿಲು. ಉಗ್ರಾಣ ಬದಲಾದರೆ ತಂತ್ರಾಂಶವನ್ನೂ ತಿದ್ದಿ ಬರೆಯಬೇಕಿತ್ತು.

ಆ ತೊಡಕು ಬಿಡಿಸಲು 1992ರಲ್ಲಿ ಮೈಕ್ರೋಸಾಫ್ಟ್ ಓಡಿಬಿಸಿ ತಂದಿತು. ಕೇಳುವ ರೀತಿ ಒಂದೇ, ಉಗ್ರಾಣಕ್ಕೆ ತಕ್ಕ ಡ್ರೈವರ್ ಮಾತ್ರ ಬೇರೆ. 1996ರಲ್ಲಿ ಅದೇ ಕಂಪನಿಯಿಂದ ಓಎಲ್ಇ ಡಿಬಿ ಬಂತು. ಇದು ಕೋಷ್ಟಕದಲ್ಲಿ ಇಲ್ಲದ ಮಾಹಿತಿಯನ್ನೂ ತರಬಲ್ಲದು, ಆದರೆ ವಿಂಡೋಸ್‌ಗೆ ಕಟ್ಟುಬಿದ್ದದ್ದು. ಜಾವಾ ಬಳಸುವವರಿಗೆ 1997ರಲ್ಲಿ ಜೆಡಿಬಿಸಿ ಸಿಕ್ಕಿತು. 2002ರಲ್ಲಿ ಎಡಿಓ ಡಾಟ್ ನೆಟ್ ಬಂತು.

ಇವುಗಳಲ್ಲಿ ಯಾವುದು ವೇಗ ಎಂಬುದೊಂದೇ ಪ್ರಶ್ನೆಯಲ್ಲ. ಅಪ್ಪನ ಹೆಸರು ತೆಗೆದು ಮಗಳ ಹೆಸರು ಸೇರಿಸುವಾಗ ನಡುವೆ ಕರೆಂಟ್ ಹೋದರೆ? ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಈ ಕಟ್ಟುಪಾಡನ್ನು ಕಾಯುವುದು ಡೇಟಾಬೇಸ್. ಆದರೆ ಆ ಎರಡೂ ಕೆಲಸ ಒಂದೇ ಗಂಟು ಎಂದು ಅದಕ್ಕೆ ಸರಿಯಾಗಿ ತಲುಪಿಸಬೇಕಾದದ್ದು ಈ ನಡುವಿನವನೇ.

ಇನ್ನೊಂದು ಪ್ರಶ್ನೆ ಬಾಳಿಕೆಯದು. ಎಸ್‌ಕ್ಯೂಎಲ್ ಸರ್ವರ್ ಎಂಬ ತನ್ನ ಡೇಟಾಬೇಸ್‌ಗೆ ಓಎಲ್ಇ ಡಿಬಿ ನಿಲ್ಲಿಸುವುದಾಗಿ 2011ರಲ್ಲಿ ಮೈಕ್ರೋಸಾಫ್ಟ್ ಸಾರಿತು. ನೆಚ್ಚಿಕೊಂಡವರು ಬೇರೆ ದಾರಿ ಹುಡುಕಬೇಕಾಯಿತು. 2017ರಲ್ಲಿ ಆ ನಿರ್ಧಾರ ಹಿಂದಕ್ಕೆ ಪಡೆದು, 2018ರಲ್ಲಿ ಹೊಸ ಡ್ರೈವರನ್ನೇ ಬಿಟ್ಟಿತು.

ಹಾಗಾಗಿ ನಮ್ಮೂರಿಂದ ಓದಿ ತಂತ್ರಾಂಶ ಬರೆಯಲು ಹೊರಟ ಮಕ್ಕಳಿಗೆ ನಮ್ಮದೊಂದು ಮಾತು. ಪ್ರೊವೈಡರ್ ಆರಿಸುವಾಗ ಮೂರು ಸಂಗತಿ ಕೇಳಿ: ಒಂದೇ ಕಂಪನಿಗೆ ಕಟ್ಟಿಹಾಕುತ್ತದೆಯೇ, ಅರ್ಧ ಕೆಲಸ ಉಳಿಯದಂತೆ ನೋಡಿಕೊಳ್ಳಬಲ್ಲದೇ, ಹತ್ತು ವರ್ಷದ ನಂತರ ದುರಸ್ತಿ ಮಾಡುವವರು ಇರುತ್ತಾರೆಯೇ? ಶಾನುಭೋಗರ ಕಾಲದಿಂದ ಊರು ಕೇಳುತ್ತ ಬಂದದ್ದೂ ಹೆಚ್ಚುಕಡಿಮೆ ಇವನ್ನೇ.